ಬರವಣಿಗೆ ನಿಂತವಳಿಗೆ 150 ರೂಪಾಯಿಯ ಟೊಮೆಟೊ

ಇದು ಅಡುಗೆಮನೆಯ ಟೈಮರ್. ಟೊಮೆಟೊ ಆಕಾರ, ಪ್ಲಾಸ್ಟಿಕ್ ಮೈ, ಸೆಲ್ ಬೇಡ, ತಿರುಗಿಸಿದರೆ ಓಡುತ್ತದೆ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ 220 ಹೇಳಿದ, 150ಕ್ಕೆ ಕೊಟ್ಟ. ಕಂಪನಿ ಹೆಸರಿಲ್ಲ. ಬಿಲ್ ಕೇಳಿದರೆ ನಕ್ಕ.

ನಾನು ತಂದದ್ದು ಅಡುಗೆಗಲ್ಲ, ಬರೆಯೋದಕ್ಕೆ.

ನಮ್ಮ ಕಡೆಯವರ ಸಂಘದ ಸ್ಮರಣ ಸಂಚಿಕೆಗೆ ಅಪ್ಪನ ಬಗ್ಗೆ 600 ಪದ ಬರೆದುಕೊಡಿ ಅಂದಿದ್ದರು. ಅಪ್ಪ ಕುಂದಾಪುರದ ಕಡೆಯಿಂದ 13ನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಮಾಟುಂಗಾದಲ್ಲಿ ಹೋಟೆಲ್ ಕೆಲಸ, ರಾತ್ರಿ ಕನ್ನಡ ಶಾಲೆ. ಬರೆಯೋದಕ್ಕೆ ಬೇಕಾದಷ್ಟಿದೆ ಅಲ್ವಾ? ಮೂರು ತಿಂಗಳು ಒಂದು ಸಾಲೂ ನಿಲ್ಲಲಿಲ್ಲ. ‘ನನ್ನ ತಂದೆಯವರು ಶ್ರಮಜೀವಿಗಳಾಗಿದ್ದರು’ ಅಂತ ಬರೆಯೋದು, ಅಳಿಸೋದು. ‘ಶ್ರಮಜೀವಿ’ ತೆಗೆದು ‘ಕಷ್ಟಸಹಿಷ್ಣು’ ಹಾಕೋದು, ಅದನ್ನೂ ಅಳಿಸೋದು. ಸಂಘದ ಕಾರ್ಯದರ್ಶಿ ಹುಡುಗ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. “ಅಕ್ಕಾ, ಎಲ್ಲಿಗೆ ಬಂತು?” “ಮುಗೀತಾ ಬಂತು ಮಾರಾಯ.” ಬರೀ ಸುಳ್ಳು.

ಯಾಕೆ ಹೀಗಾಗುತ್ತದೆ ಅಂತ ಹುಡುಕಿದಾಗ ಮೈಕ್ ರೋಸ್ ಅನ್ನುವ ಅಮೆರಿಕದ ಮೇಷ್ಟ್ರು ಸಿಕ್ಕರು. 1980ರಲ್ಲಿ ಅವರು 10 ವಿದ್ಯಾರ್ಥಿಗಳ ಬಗ್ಗೆ ಬರೆದಿದ್ದರು. 5 ಜನ ಬರೆಯಲಾಗದೆ ಒದ್ದಾಡುವವರು, 5 ಜನ ಸಲೀಸಾಗಿ ಬರೆಯುವವರು. ಒದ್ದಾಡುವವರು ದಡ್ಡರೇನಲ್ಲ. ತಲೆಯಲ್ಲಿ ಬಿಗಿ ನಿಯಮ ಇಟ್ಟುಕೊಂಡವರು, ಅಷ್ಟೆ. ಶುರುವಿನಲ್ಲೇ ಓದುವವರನ್ನು ಹಿಡಿದುಬಿಡಬೇಕು, ಒಂದೊಂದು ವಾಕ್ಯವೂ ಸರಿಯಾದ ಮೇಲೇ ಮುಂದಿನದು. ಓದಿ ನಾಚಿಕೆಯಾಯಿತು. ಡೊಂಬಿವಲಿಯಲ್ಲಿ ಕೂತು ನಾನು ಮಾಡುತ್ತಿದ್ದದ್ದೂ ಅದನ್ನೇ.

ಟೈಮರ್ ಉಪಾಯ ಇಟಲಿಯದ್ದು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನುವ ಕಾಲೇಜು ಹುಡುಗ, ಓದೋದಕ್ಕೆ ಮನಸ್ಸು ನಿಲ್ಲದೆ, ಇಂಥದ್ದೇ ಒಂದು ಟೊಮೆಟೊ ಟೈಮರ್ ಇಟ್ಟುಕೊಂಡು ಕೂತನಂತೆ. ಅಲ್ಲಿ ಟೊಮೆಟೊಗೆ ಪೊಮೊಡೊರೊ ಅನ್ನುತ್ತಾರೆ, ಉಪಾಯಕ್ಕೂ ಅದೇ ಹೆಸರು ನಿಂತಿತು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಾನು ಅದಕ್ಕೆ ಒಂದು ಷರತ್ತು ಸೇರಿಸಿದೆ: ಗಂಟೆ ಹೊಡೆಯೋವರೆಗೆ ಏನನ್ನೂ ಅಳಿಸೋ ಹಾಗಿಲ್ಲ. ಅದಕ್ಕೇ ಪೆನ್ನು ಹಿಡಿದೆ. ಮೊಬೈಲಿನಲ್ಲೂ ಟೈಮರ್ ಇದೆಯಲ್ಲ ಅಂತ ಇವರು ಕೇಳಿದರು. ಇದೆ, ಆದರೆ ಅದರ ಪಕ್ಕದಲ್ಲೇ ವಾಟ್ಸಾಪೂ ಇದೆ!

ಈಗ ವಸ್ತುವಿನ ವಿಷಯ. ಮುಳ್ಳನ್ನು ನೇರವಾಗಿ 25ಕ್ಕೆ ಇಟ್ಟರೆ ಒಳಗಿನ ಸ್ಪ್ರಿಂಗ್ ಸರಿಯಾಗಿ ಬಿಗಿಯಾಗುವುದಿಲ್ಲ, ಕೊನೆಯಲ್ಲಿ ಗಂಟೆ ಗೊರಕೆ ಹೊಡೆದ ಹಾಗೆ ಕೇಳುತ್ತದೆ. ಮೊದಲು 60ರವರೆಗೆ ಪೂರ್ತಿ ತಿರುಗಿಸಿ, ಆಮೇಲೆ 25ಕ್ಕೆ ಹಿಂದೆ ತನ್ನಿ. ಹಾಗೆ ಮಾಡಿದರೂ ನನ್ನದು 23 ನಿಮಿಷಕ್ಕೇ ಹೊಡೆಯುತ್ತದೆ. ಅನ್ನಕ್ಕೆ ನಂಬಬೇಡಿ. ಟಿಕ್ ಟಿಕ್ ಸದ್ದೂ ಜಾಸ್ತಿ. ಒಂದೇ ರೂಮಿನ ಮನೆಯಲ್ಲಿ ರಾತ್ರಿ ಇವರು ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ಟವೆಲ್ ಮಡಚಿ ಅದರ ಮೇಲೆ ಇಟ್ಟೆ. ಕೆಳಗಿನ ರಬ್ಬರ್ ಕಾಲು ಒಂದು ವಾರಕ್ಕೇ ಉದುರಿತು.

ಆದರೆ ಆ ಸದ್ದೇ ನನ್ನನ್ನು ಕೂರಿಸಿದ್ದು. ಯಾರೋ ಪಕ್ಕದಲ್ಲಿ ಕೂತು ಕಾಯುತ್ತಿದ್ದಾರೆ, ಆದರೆ ಓದುತ್ತಿಲ್ಲ ಅನ್ನೋ ಹಾಗೆ. ಮೊದಲ ದಿನ ಬಂದದ್ದು ಬರೀ ಚೂರು ಪಾರು: ಅಪ್ಪನ ಖಾಕಿ ಚಡ್ಡಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಭಾನುವಾರ ಪೇಪರಿನಲ್ಲಿ ಕಟ್ಟಿ ತರುತ್ತಿದ್ದ ಮೈಸೂರು ಪಾಕಿನ ಪುಡಿ. ಎರಡನೇ ದಿನ ಬರೀ ಬೈಗುಳ, ಸಂಘಕ್ಕೂ ನನಗೂ. ಮೂರನೇ ದಿನ ಇನ್ನೇನು ಗಂಟೆ ಹೊಡೆಯಬೇಕು, ಕೈ ತಾನೇ ಬರೆಯಿತು: ‘ನಾಲ್ಕನೇ ಕ್ಲಾಸಿನಲ್ಲಿ ಟೀಚರ್ ಕೇಳಿದಾಗ, ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ ಅಂದೆ. ಅಪ್ಪ ಸಪ್ಲೈಯರ್.’

ಅಳಿಸೋ ಹಾಗಿರಲಿಲ್ಲ. ಟಿಕ್ ಟಿಕ್ ಇನ್ನೂ ಓಡುತ್ತಿತ್ತು.

‘ಶ್ರಮಜೀವಿ’ ಯಾಕೆ ಮುಂದೆ ಹೋಗುತ್ತಿರಲಿಲ್ಲ ಅಂತ ಆಗ ಗೊತ್ತಾಯಿತು. ಅಪ್ಪನನ್ನು ನಾನು ಇನ್ನೂ ಗಲ್ಲಾದಲ್ಲೇ ಕೂರಿಸಲು ನೋಡುತ್ತಿದ್ದೆ. ಆಮೇಲೆ ನಾಲ್ಕು ರಾತ್ರಿಯಲ್ಲಿ ಲೇಖನ ಮುಗಿಯಿತು. ಕಳಿಸಿದ ಮೇಲೆ ಆ ಹುಡುಗ, “ಅಕ್ಕಾ, 600 ಹೇಳಿದ್ದೆ, 1,400 ಬಂದಿದೆಯಲ್ಲ” ಅಂದ. ನೀನೇ ಕತ್ತರಿಸು ಅಂದೆ, ಸಪ್ಲೈಯರ್ ಒಂದು ಬಿಟ್ಟು.

ಎಲ್ಲ ಥರದ ತಡೆಗೂ ಇದು ಔಷಧ ಅಲ್ಲ. ನಮ್ಮತ್ತೆ ತೀರಿಕೊಂಡ ವರ್ಷ ನಾನು ಆರು ತಿಂಗಳು ಏನೂ ಬರೆಯಲಿಲ್ಲ, ಆಗ ಟೈಮರ್ ಇಟ್ಟಿದ್ದರೆ ಎತ್ತಿ ಒಗೆಯುತ್ತಿದ್ದೆ. ಬರೆಯೋ ಆಸೆ ಇದೆ, ಮೊದಲ ಸಾಲಿಗೇ ಹೆದರಿಕೆ ಅನ್ನುವವರು ತಗೊಳ್ಳಿ. ವಸ್ತುವಿಗೆ ಐದರಲ್ಲಿ ಎರಡು ಸ್ಟಾರ್. ಮಾಡಿಸಿದ ಕೆಲಸಕ್ಕೆ ನಾಲ್ಕೂವರೆ.

ಕೊಳ್ಳುವಾಗ ಅಂಗಡಿಯಲ್ಲೇ ತಿರುಗಿಸಿ ಗಂಟೆ ಕೇಳಿಸಿಕೊಳ್ಳಿ. ಆದರೆ ಪೂರ್ತಿ ನಿಂತ ಮೇಲೇ ಚೀಲಕ್ಕೆ ಹಾಕಿ. ನಾನು ಟಿಕ್ ಟಿಕ್ ಓಡುತ್ತಿದ್ದದ್ದನ್ನೇ ಹಾಕಿಕೊಂಡು ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಾ ಹತ್ತಿದೆ. 2006ರ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದದ್ದು ನೋಡಿದ ಊರಿದು. ಮಸ್ಜಿದ್ ಸ್ಟೇಷನ್ ದಾಟುವಷ್ಟರಲ್ಲಿ ಎದುರಿನವರು ಮಾತು ನಿಲ್ಲಿಸಿ ನನ್ನ ಚೀಲವನ್ನೇ ನೋಡುತ್ತಿದ್ದರು. ಬೆವರುತ್ತಾ ತೆಗೆದು ಎತ್ತಿ ತೋರಿಸಿದೆ. ಕಿಟಕಿ ಪಕ್ಕದ ಮರಾಠಿ ಮಾವಶಿ ಎದೆ ಮೇಲೆ ಕೈಯಿಟ್ಟು, “ಅಗಬಾಈ, ಟೊಮ್ಯಾಟೊ!” ಅಂದರು.