ಗಾಡಿ ತಂದು ಒಯ್ಯುವ ಹಳೇ ಸಾಮಾನಿಗೆ ಯುಪಿಐ: ವರ್ಷಗಟ್ಟಲೆ ಬಳಸಿದ ಮೇಲೆ

ಹಳೇ ಬೀರು, ಮಂಚ, ಫ್ರಿಜ್, ವಾಷಿಂಗ್ ಮಷಿನ್. ಕೊರಿಯರ್‌ಗೆ ಹಾಕಲಾಗದ, ಕೊಂಡವರೇ ಗಾಡಿ ತಂದು ಒಯ್ಯಬೇಕಾದ ಇಂಥ ಸಾಮಾನು ಮಾರುವವರಿಗೆ ಯುಪಿಐಗಿಂತ ಅನುಕೂಲದ ವ್ಯವಸ್ಥೆ ಸದ್ಯಕ್ಕೆ ಬೇರೆ ಇಲ್ಲ. ಆದರೆ ಅದರ ಹಸಿರು ಟಿಕ್ ಗುರುತು ಇದೆಯಲ್ಲ, ಅದರಷ್ಟು ತಲೆನೋವೂ ಬೇರೆ ಇಲ್ಲ. ಟಿಕ್ ಕಾಣುವುದು ಕೊಳ್ಳುವವರ ಫೋನಿನಲ್ಲಿ, ದುಡ್ಡು ಸೇರಬೇಕಾದ್ದು ಮಾರುವವರ ಖಾತೆಗೆ. ಬಹುಪಾಲು ಮೋಸ ನುಸುಳುವುದು ಈ ಸಂದಿಯಲ್ಲೇ.

ಯಾವ ಆ್ಯಪ್ ಚೆಂದ, ಎಷ್ಟು ಕ್ಯಾಶ್‌ಬ್ಯಾಕ್ ಅನ್ನುವುದೆಲ್ಲ ಗೊತ್ತಿರುವ ಸಂಗತಿ, ಬಿಡಿ. ಇಲ್ಲಿ ಹೇಳುತ್ತಿರುವುದು ಸುಮಾರು 3,000ದಿಂದ 40,000 ರೂಪಾಯಿ ಒಳಗಿನ ಮನೆ ಸಾಮಾನಿನ ಲೆಕ್ಕ. ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ ಜಾಹೀರಾತು ಹಾಕಿ, ಮಾತು ಕುದುರಿಸಿ, ಮನೆ ಬಾಗಿಲಲ್ಲಿ ಕೈ ಬದಲಾಗುವ ವ್ಯವಹಾರ. ದೊಡ್ಡ ಶಾಪಿಂಗ್ ತಾಣಗಳಲ್ಲಿ ಇರುವಂತೆ ಮಧ್ಯೆ ದುಡ್ಡು ಹಿಡಿದಿಟ್ಟುಕೊಂಡು ಆಮೇಲೆ ಬಿಡುವವರು ಇಲ್ಲಿ ಯಾರೂ ಇಲ್ಲ. ಕೊಟ್ಟದ್ದು ಕೊಟ್ಟಹಾಗೆ, ಬಂದದ್ದು ಬಂದಹಾಗೆ.

ಮೊದಲು ಮೆಚ್ಚುಗೆ. 2016ರಲ್ಲಿ ಶುರುವಾದಾಗಿನಿಂದ ಯುಪಿಐಯ ದೊಡ್ಡ ಗುಣ ಒಂದೇ: ವ್ಯಕ್ತಿಯಿಂದ ವ್ಯಕ್ತಿಗೆ ಹೋದ ದುಡ್ಡು ಒಮ್ಮೆ ಜಮೆಯಾದರೆ, ಕಳಿಸಿದವರು ತಾವಾಗಿ ಹಿಂದಕ್ಕೆ ಎಳೆದುಕೊಳ್ಳಲಾಗದು. ‘ತಪ್ಪಿ ಹೋಯಿತು’ ಎಂದು ಅವರು ಬ್ಯಾಂಕಿಗೆ ದೂರು ಕೊಟ್ಟರೂ ಪಡೆದವರನ್ನು ಕೇಳಿಯೇ ವಾಪಸ್ ಕೊಡಿಸಬೇಕು. ಇದರ ಬೆಲೆ ಚೆನ್ನಾಗಿ ಗೊತ್ತಿರುವುದು ಹೊರದೇಶದಲ್ಲಿ ಮನೆ ಖಾಲಿ ಮಾಡುವಾಗ ಸೋಫಾ ಮಾರುವ ನಮ್ಮವರಿಗೆ. ಅಲ್ಲಿ ಬಳಸುವ ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯಲ್ಲಿ ಕೊಂಡವರು 180 ದಿನಗಳವರೆಗೆ ತಕರಾರು ಎತ್ತಬಹುದು. ‘ಸಾಮಾನು ಕೈಸೇರಲೇ ಇಲ್ಲ’ ಎಂದರೆ ಮಾರಿದವರು ಕೊರಿಯರ್‌ನ ಟ್ರ್ಯಾಕಿಂಗ್ ನಂಬರ್ ತೋರಿಸಬೇಕು. ಬಂದು ಎತ್ತಿಕೊಂಡು ಹೋದ ಸೋಫಾಗೆ ಎಲ್ಲಿಯ ಟ್ರ್ಯಾಕಿಂಗ್? ಅದಕ್ಕೇ ಬ್ರಿಟನ್‌ನ ಈಬೇ ಎಂಬ ಮಾರಾಟ ತಾಣದಲ್ಲಿ ಒಯ್ಯಲು ಬಂದವರ ಫೋನಿನಲ್ಲಿರುವ ಕೋಡ್ ಪಡೆದು ದಾಖಲಿಸುವ ಪದ್ಧತಿ ಇದೆ. ನಮ್ಮಲ್ಲಿ ಆ ಗೋಜಿಲ್ಲ. ಚೆಕ್ಕಿನ ವಿಷಯ ಹೇಳುವುದೇ ಬೇಡ. ಅದು ಬೌನ್ಸ್ ಆದ ಸುದ್ದಿ ಬರುವ ಹೊತ್ತಿಗೆ ಫ್ರಿಜ್ ಇನ್ನೊಂದು ಊರಿನಲ್ಲಿ ತಣ್ಣಗೆ ಓಡುತ್ತಿರುತ್ತದೆ.

ಈಗ ಕೊಡುವಾಗಿನ ಕ್ರಮ. ಇದೇ ನನಗೆ ಈ ವ್ಯವಸ್ಥೆಯಲ್ಲಿ ಅತಿ ಇಷ್ಟದ ಭಾಗ. ಅಪಾರ್ಟ್‌ಮೆಂಟ್ ಆದರೆ ಬೇಸ್‌ಮೆಂಟ್‌ನಲ್ಲಿ ವ್ಯವಹಾರ ಬೇಡ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ‘ನಂದು ಹೋಗಿದೆ, ನಿಮ್ಮದು ತೋರಿಸ್ತಿಲ್ಲ ಅಷ್ಟೇ’ ಎನ್ನುವವರಿಗೆ ಆ ಜಾಗ ಬಲು ಅನುಕೂಲ. ಸಾಮಾನು ಮನೆಯೊಳಗೇ ಇರಲಿ, ಗಾಡಿ ಗೇಟಿನ ಬಳಿ ನಿಲ್ಲಲಿ. ಕೊಳ್ಳುವವರು ಫ್ರಿಜ್‌ನ ಪ್ಲಗ್ ಹಾಕಿ ನೋಡಲಿ, ಬೀರುವಿನ ಬೀಗ ತಿರುಗಿಸಿ ನೋಡಲಿ, ತೃಪ್ತಿಯಾಗಲಿ. ಆಮೇಲೆ ನಿಮ್ಮ ಕ್ಯೂಆರ್ ತೋರಿಸಿ, ಮೊದಲು ಒಂದು ರೂಪಾಯಿ ಹಾಕಲು ಹೇಳಿ. ಒಂದು ರೂಪಾಯಿ ಬಂದಾಗ ನೋಡಬೇಕಾದ್ದು ಮೊತ್ತವನ್ನಲ್ಲ, ಕಳಿಸಿದವರ ಹೆಸರನ್ನು. ಬ್ಯಾಂಕಿನ ಸ್ವಂತ ಆ್ಯಪ್ ತೆರೆದು ಮಿನಿ ಸ್ಟೇಟ್‌ಮೆಂಟ್‌ಗೆ ಹೋದರೆ ಮೇಲಿನ ಸಾಲಿನಲ್ಲೇ ಇರುತ್ತದೆ: ಯುಪಿಐ ಎಂದು ಶುರು, 12 ಅಂಕಿಯ ಉಲ್ಲೇಖ ಸಂಖ್ಯೆ, ಅದರ ಪಕ್ಕ ಜಾಗ ಸಾಲದೆ ಅರ್ಧಕ್ಕೆ ತುಂಡಾದ ಹೆಸರು. ಎದುರು ನಿಂತವರ ಹೆಸರೂ ಆ ತುಂಡು ಹೆಸರೂ ತಾಳೆಯಾದರೆ ಉಳಿದ ಮೊತ್ತ ಹಾಕಿಸಿಕೊಳ್ಳಿ. ಮತ್ತೆ ಅದೇ ಸ್ಟೇಟ್‌ಮೆಂಟ್, ಮತ್ತೆ 12 ಅಂಕಿ. ಅವರ ಫೋನಿನಲ್ಲಿರುವ ಸಂಖ್ಯೆಯ ಕೊನೆಯ ನಾಲ್ಕಂಕಿ ಓದಲು ಹೇಳಿ, ನಿಮ್ಮದರಲ್ಲಿ ನೋಡಿಕೊಳ್ಳಿ. ಎಲ್ಲ ಸೇರಿ ಎರಡು ನಿಮಿಷ. ಪ್ರಾಮಾಣಿಕ ಗಿರಾಕಿಗಳು ಇದಕ್ಕೆ ಬೇಸರಿಸುವುದಿಲ್ಲ. ಅವಸರ ಮಾಡುವವರು ಯಾರು ಎಂಬುದೂ ಅಲ್ಲೇ ಗೊತ್ತಾಗಿಬಿಡುತ್ತದೆ.

ಯುಪಿಐ ಆ್ಯಪ್ ಬಿಟ್ಟು ಬ್ಯಾಂಕಿನ ಆ್ಯಪ್ ಯಾಕೆ ಎಂದರೆ ಅದಕ್ಕೆ ಕಾರಣವಿದೆ. ‘ದುಡ್ಡು ಪಡೆಯಲು ಪಿನ್ ಬೇಕಿಲ್ಲ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ನಿಜವೂ ಹೌದು. ಆದರೆ ಯುಪಿಐ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಲು ಸಾಮಾನ್ಯವಾಗಿ ಪಿನ್ ಒತ್ತಬೇಕು. ಗಡಿಬಿಡಿಯಲ್ಲಿ, ಎದುರು ನಿಂತವರು ಮಾತಾಡಿಸುತ್ತಿರುವಾಗ, ಪಿನ್ ಕೇಳುವ ಪರದೆ ಬ್ಯಾಲೆನ್ಸಿನದೋ ಪಾವತಿಯದೋ ಎಂದು ಓದುವಷ್ಟು ವ್ಯವಧಾನ ಇರುವುದಿಲ್ಲ. ಸ್ಟೇಟ್‌ಮೆಂಟ್ ನೋಡಲು ಆ ಪಿನ್ ಬೇಕಿಲ್ಲ. ಇನ್ನು ಬ್ಯಾಲೆನ್ಸೇ ನೋಡುವವರಿಗೆ, 2025ರ ಆಗಸ್ಟ್‌ನಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲದ ಮಿತಿ ಇದೆ. ಬೀರು ಮಾರುವವರಿಗೆ ಅದು ಧಾರಾಳವಾಯಿತು.

ಸ್ಕ್ರೀನ್‌ಶಾಟ್ ನಂಬಬೇಡಿ ಎಂಬುದು ಈಗ ಹಳೇ ಮಾತು. ಈಗಿನದು ನಕಲಿ ಆ್ಯಪ್. ನೋಡಲು ಅಸಲಿಯಂತೆಯೇ ಇರುತ್ತದೆ, ನಿಮ್ಮ ಕ್ಯೂಆರ್ ಸ್ಕ್ಯಾನ್ ಮಾಡುತ್ತದೆ, ನಿಮ್ಮ ಹೆಸರನ್ನೇ ತೋರಿಸುತ್ತದೆ, ಟಿಕ್ ಬೀಳುತ್ತದೆ, ಸದ್ದೂ ಬರುತ್ತದೆ. ದುಡ್ಡು ಮಾತ್ರ ಎಲ್ಲೂ ಕದಲಿರುವುದಿಲ್ಲ. ನಿಮ್ಮ ಹೆಸರು ಅಲ್ಲಿ ಕಂಡಿತೆಂದು ಸಮಾಧಾನಪಡಬೇಡಿ; ಹೆಸರು ಕ್ಯೂಆರ್ ಒಳಗೇ ಬರೆದಿರಬಹುದು. ಎಸ್‌ಎಂಎಸ್‌ನದೂ ಇದೇ ಕಥೆ. ‘ನಿಮ್ಮ ಖಾತೆಗೆ 15,000 ಜಮೆ’ ಎಂಬ ಸಂದೇಶ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ. ಬ್ಯಾಂಕಿನ ಸಂದೇಶ ಅಕ್ಷರಗಳ ಹೆಸರಿನಿಂದ ಬರುತ್ತದೆ. ಈಚೆಗೆ ಆ ಹೆಸರಿನ ತುದಿಗೆ ಒಂದು ಅಡ್ಡಗೀಟು, ಎಸ್ ಅಥವಾ ಟಿ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ಖಾತೆಯ ಕೊನೆಯ ಅಂಕಿಗಳನ್ನೂ ನೋಡಿ. ಖಾತೆ ಸಂಖ್ಯೆಯನ್ನು ನೀವು ಚಾಟ್‌ನಲ್ಲಿ ಮೊದಲೇ ಕೊಟ್ಟಿರದಿದ್ದರೆ, ನಕಲಿ ಸಂದೇಶ ಕಳಿಸುವವರಿಗೆ ಅದು ಗೊತ್ತಿರುವುದಿಲ್ಲ. ಒಂದು ರೂಪಾಯಿಗೆ ಎಸ್‌ಎಂಎಸ್ ಬರಲಿಲ್ಲವೆಂದು ಗಾಬರಿ ಬೇಡ. ಸಣ್ಣ ಜಮೆಗೆ ಸಂದೇಶ ಕಳಿಸುವುದನ್ನು ಕೆಲವು ಬ್ಯಾಂಕುಗಳು ನಿಲ್ಲಿಸಿವೆ.

ಕ್ಯೂಆರ್ ತಿರುಗಿಸುವ ಆಟವಂತೂ ಇನ್ನೂ ನಿಂತಿಲ್ಲ. ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಸಾಮಾನು ನೋಡುವುದೇ ಬೇಡ, ಈಗಲೇ ಪೂರ್ತಿ ಹಣ ಹಾಕುತ್ತೇನೆ ಎಂದು ಗುರುತಿನ ಚೀಟಿಯ ಫೋಟೊ ಸಮೇತ ಮಾತಾಡಿ, ಕೊನೆಗೆ ತಾವೇ ಒಂದು ಕ್ಯೂಆರ್ ಕಳಿಸುತ್ತಾರೆ. ಸ್ಕ್ಯಾನ್ ಮಾಡುವವರು ದುಡ್ಡು ಕೊಡುವವರು, ಕೋಡ್ ತೋರಿಸುವವರು ಪಡೆಯುವವರು. ಇದರಲ್ಲಿ ಅಪವಾದವೇ ಇಲ್ಲ. 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವಿನ ‘ಕಲೆಕ್ಟ್ ರಿಕ್ವೆಸ್ಟ್’ ಅನ್ನು, ಅಂದರೆ ಇನ್ನೊಬ್ಬರಿಗೆ ‘ಇಷ್ಟು ದುಡ್ಡು ಕೊಡಿ’ ಎಂದು ಆ್ಯಪ್‌ನಲ್ಲೇ ಕೋರಿಕೆ ಕಳಿಸುವುದನ್ನು, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ನಿಲ್ಲಿಸಿದ್ದರಿಂದ ಒಂದು ಬಾಗಿಲು ಮುಚ್ಚಿದೆ. ಕ್ಯೂಆರ್, ಲಿಂಕ್, ಪರದೆ ಹಂಚಿಕೊಳ್ಳುವ ಆ್ಯಪ್, ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಇವೆಲ್ಲ ತೆರೆದೇ ಇವೆ. ಹಳೇ ಮಂಚ ನೋಡದೆಯೇ ಕೇಳಿದ ಬೆಲೆಗೆ ಒಪ್ಪುವವರು ಈ ಭೂಮಿ ಮೇಲೆ ಇದ್ದಾರೆಯೇ ಎಂದು ಒಮ್ಮೆ ಯೋಚಿಸಿದರೂ ಸಾಕು.

ಇನ್ನು ‘ಪೆಂಡಿಂಗ್’. ಇದು ಮೋಸವಲ್ಲ, ಆದರೆ ಮೋಸಕ್ಕಿಂತ ಹೆಚ್ಚು ಜಗಳ ಆಗುವುದು ಇಲ್ಲೇ. ಕೊಂಡವರ ಖಾತೆಯಿಂದ ಕಟ್ ಆಗಿದೆ, ನಿಮಗೆ ಬಂದಿಲ್ಲ, ಗೂಡ್ಸ್ ಆಟೋದವರು ವೇಟಿಂಗ್ ಚಾರ್ಜ್ ಎಂದು ಹಾರ್ನ್ ಹೊಡೆಯುತ್ತಿದ್ದಾರೆ. ಜಮೆಯಾಗದ ದುಡ್ಡು ಮಾರನೆಯ ದಿನದೊಳಗೆ ಕಳಿಸಿದವರ ಖಾತೆಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಅಂದರೆ ಪೆಂಡಿಂಗ್ ಇರುವಾಗ ಸಾಮಾನು ಏರಿಸಿದರೆ, ನಾಳೆ ದುಡ್ಡು ಅವರಿಗೇ ವಾಪಸ್ ಹೋಗಬಹುದು, ಅದೂ ನಿಯಮದ ಪ್ರಕಾರವೇ. ಕಾಯಿಸಿ, ಇಲ್ಲವೇ ನಗದು ಕೇಳಿ. ಆಮೇಲೆ ಯುಪಿಐಯದೂ ಬಂದು ಬಿದ್ದರೆ, ಸ್ಟೇಟ್‌ಮೆಂಟ್‌ನಲ್ಲಿ ಕಂಡ ನಂತರ ಬಂದ ಖಾತೆಗೇ ಮರಳಿಸಿ. ಹೊಸ ಫೋನಿಗೆ ಯುಪಿಐ ಹಾಕಿಸಿಕೊಂಡವರಿಗೆ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇರುತ್ತದೆ; ಇದನ್ನು ಬರುವ ಮೊದಲೇ ಕೇಳಿಟ್ಟುಕೊಂಡರೆ ಗೇಟಿನ ಬಳಿಯ ಅರ್ಧ ಪಂಚಾಯ್ತಿ ತಪ್ಪುತ್ತದೆ.

ಕೊಂಡವರು ಬಾರದೆ ಬರೀ ಗಾಡಿ ಕಳಿಸುವುದು ಈಗ ಮಾಮೂಲು. ‘ಲೋಡ್ ಮಾಡ್ಸಿ ಸಾರ್, ಫೋಟೊ ಹಾಕಿ, ತಕ್ಷಣ ಕಳಿಸ್ತೀನಿ’ ಎನ್ನುತ್ತಾರೆ. ಡ್ರೈವರ್‌ಗೆ ಪಾಪ ಬಾಡಿಗೆ ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ. ಫೋಟೊ ಬೇಕಾದರೆ ಹಾಲ್‌ನಲ್ಲಿಟ್ಟ ಸಾಮಾನಿನದೇ ಕಳಿಸಿ. ಜಮೆ ಕಂಡ ಮೇಲೆಯೇ ಹೊಸ್ತಿಲು ದಾಟಿಸಿ.

ಇಲ್ಲಿಯವರೆಗಿನದಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದಿತ್ತು. ಈಗ ಮೂರಕ್ಕೆ ಇಳಿಯುವ ಭಾಗ: ದುಡ್ಡು ನಿಜವಾಗಿಯೂ ಬಂದ ಮೇಲೆ ಕಾದಿರುವ ಗಂಡಾಂತರ. ಎಲ್ಲೋ ಒಬ್ಬರಿಗೆ ಆನ್‌ಲೈನ್ ವಂಚನೆಯಾಗುತ್ತದೆ. ಆ ದುಡ್ಡನ್ನು ವಂಚಕರು ನಿಮ್ಮ ಟಿವಿಗೋ ಫೋನಿಗೋ ಕೊಡಿಸಿ, ಸಾಮಾನು ಒಯ್ದು ಬೇರೆಡೆ ಮಾರಿಬಿಡುತ್ತಾರೆ. ಕಳಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದಾಗ ದುಡ್ಡಿನ ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ. ಬ್ಯಾಂಕು ಆ ಮೊತ್ತಕ್ಕೆ ತಡೆ ಹಾಕುತ್ತದೆ, ಕೆಲವೊಮ್ಮೆ ಇಡೀ ಖಾತೆಗೇ. ಪ್ರಕರಣ ಇನ್ನೊಂದು ರಾಜ್ಯದ ಠಾಣೆಯದಾದರೆ ಶಾಖೆಯಲ್ಲಿ ‘ಅಲ್ಲಿಂದಲೇ ಪತ್ರ ತನ್ನಿ’ ಎನ್ನುತ್ತಾರೆ. ಸಂಬಳದ ಖಾತೆಯಾಗಿದ್ದರೆ ಮನೆ ಬಾಡಿಗೆ, ಇಎಂಐ ಎಲ್ಲವೂ ನಿಂತವು. ಕಳ್ಳಮಾಲು ಕೊಂಡವರನ್ನು ಹಿಡಿಯುವುದು ಸರಿ. ನ್ಯಾಯವಾಗಿ ಮಾರಿ ದುಡ್ಡು ಪಡೆದವರಿಗೆ ಹೊರಬರುವ ದಾರಿ ಇಷ್ಟು ಕಿರಿದಾಗಿರಬೇಕೇ?

ಒಂದು ರೂಪಾಯಿಯ ಪರೀಕ್ಷೆ ಇರುವುದು ಮುಖ್ಯವಾಗಿ ಇದಕ್ಕೇ. ‘ಅಣ್ಣನ ಅಕೌಂಟಿಂದ ಹಾಕಿಸ್ತೀನಿ’ ಎನ್ನುವವರೆಲ್ಲ ಕಳ್ಳರಲ್ಲ. ಓದುವ ಹುಡುಗರಿಗೆ ಊರಿನಿಂದ ಅಪ್ಪ ಕಳಿಸುವುದು ಸಹಜ. ಆಗ ಆ ಅಪ್ಪನ ಜತೆ ಫೋನಿನಲ್ಲಿ ಒಂದು ಮಾತಾಡಿ, ಏನಕ್ಕೆ ಎಷ್ಟು ಕಳಿಸುತ್ತಿದ್ದಾರೆ ಎಂದು ಅವರ ಬಾಯಿಂದಲೇ ಕೇಳಿ. ಹೆಸರಿಗೂ ಊರಿಗೂ ತಾಳಮೇಳ ಇಲ್ಲದ ಖಾತೆಯಿಂದ ರೂಪಾಯಿ ಬಂದರೆ ಅಲ್ಲಿಗೇ ನಿಲ್ಲಿಸಿ, ನಗದು ಕೇಳಿ. ‘ಜಾಸ್ತಿ ಬಂದ್ಬಿಟ್ಟಿದೆ, ಉಳಿದದ್ದನ್ನು ಈ ನಂಬರಿಗೆ ಹಾಕಿ’ ಎಂದರಂತೂ ಇನ್ನೂ ಎಚ್ಚರ: ಜಮೆ ಸುಳ್ಳಾಗಿದ್ದರೆ ನಿಮ್ಮ ದುಡ್ಡು ಹೋಯಿತು, ನಿಜವಾಗಿದ್ದರೆ ಕದ್ದ ಹಣವನ್ನು ಮುಂದಕ್ಕೆ ಸಾಗಿಸಿದವರ ಪಟ್ಟಿಗೆ ನಿಮ್ಮ ಹೆಸರು ಸೇರಿತು. ಇದಕ್ಕೆಂದೇ ಬೇರೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವುದು ಒಳ್ಳೆಯದು. ಕನಿಷ್ಠ ಮೊತ್ತ ಕೇಳದ ಖಾತೆ ತೆರೆದು, ಅದರ ಕ್ಯೂಆರ್ ಮಾತ್ರ ಗಿರಾಕಿಗಳಿಗೆ ತೋರಿಸಿ. ತಡೆ ಬಿದ್ದರೂ ಅಡುಗೆಮನೆ ನಡೆಯುತ್ತದೆ.

ನಗದಿನ ಬಗ್ಗೆ ಎರಡು ಮಾತು. ಹತ್ತು ಸಾವಿರದೊಳಗಿನ ಸಾಮಾನಿಗೆ ನಗದೇ ಹಗುರ. 500ರ ನೋಟನ್ನು ಓರೆ ಮಾಡಿದರೆ ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು, ಎಡಬಲ ಅಂಚಿನಲ್ಲಿ ಬೆರಳಿಗೆ ಸಿಗುವ ಐದೈದು ಗೀರು ಇರಬೇಕು. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ ಪಡೆದವರಿಗೇ, ಅದೂ ಪಡೆದಷ್ಟೇ ಮೊತ್ತ. ಕಾರು ಮಾರುವವರು ಇದನ್ನು ಮರೆಯಬಾರದು. ಬೈಕ್, ಕಾರಿಗೆ ಮಾಲೀಕತ್ವ ವರ್ಗಾವಣೆಯ ಫಾರಂ 29, 30ರ ಮೇಲೆ ಖಾಲಿ ಸಹಿ ಹಾಕಿ ಮೊದಲೇ ಕೈಗಿಡುವ ಅಭ್ಯಾಸ ಇನ್ನೂ ಇದೆ. ದುಡ್ಡು ಪೂರ್ತಿ ಬರಲಿ, ಕೊಂಡವರ ಹೆಸರು, ವಿಳಾಸ ತುಂಬಿ ಆಮೇಲೆ ಸಹಿ ಹಾಕಿ.

ದಾಖಲೆ ಎತ್ತಿಡುವುದು ಬೇಸರದ ಕೆಲಸ, ಆದರೆ ಖಾತೆಗೆ ತಡೆ ಬಿದ್ದ ದಿನ ಬ್ಯಾಂಕಿನವರೂ ಪೊಲೀಸರೂ ಕೇಳುವುದು ಅದನ್ನೇ. ಜಾಹೀರಾತನ್ನು ಅಳಿಸುವ ಮೊದಲೇ ಅದರದೂ ಚಾಟಿನದೂ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲ ಬಿಲ್ಲಿನ ಫೋಟೊ, ಸೀರಿಯಲ್ ನಂಬರ್ ಕಾಣುವ ಹಿಂಬದಿಯ ಫೋಟೊ, ಸಾಮಾನು ಏರಿದ ಗಾಡಿಯ ನಂಬರ್ ಪ್ಲೇಟ್. ಒಂದು ಹಾಳೆಯಲ್ಲಿ ಎರಡು ಸಾಲು: ಇಂಥ ದಿನ, ಇಂಥ ಸಾಮಾನು, ಇಷ್ಟು ರೂಪಾಯಿಗೆ, ಇದ್ದ ಸ್ಥಿತಿಯಲ್ಲೇ ನೋಡಿ ಕೊಂಡಿದ್ದೇನೆ, ಉಲ್ಲೇಖ ಸಂಖ್ಯೆ ಇಷ್ಟು. ಕೆಳಗೆ ಕೊಂಡವರ ಸಹಿ. ಆ ಚೀಟಿಯ ಫೋಟೊ ತೆಗೆದು ಅವರ ವಾಟ್ಸ್‌ಆ್ಯಪ್‌ಗೂ ಕಳಿಸಿ. ಅವರು ‘ಓಕೆ’ ಎಂದು ಬರೆದರೆ ಅದನ್ನೂ ಅಳಿಸದೆ ಇಟ್ಟುಕೊಳ್ಳಿ.