ಮನೆಗೇ ಬಂದು ರಕ್ತ ಒಯ್ಯುವ ಲ್ಯಾಬ್: ತಲೆನೋವಿರುವ ಹಿರಿಯರಿಗೆ ಎಷ್ಟು ಉಪಯೋಗ?

ಹುಬ್ಬಳ್ಳಿ ವಿದ್ಯಾನಗರದ ಈ ಲ್ಯಾಬಿನ ಸೇವೆಯನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ. ಜೈಂಟ್ ಸೆಲ್ ಆರ್ಟರೈಟಿಸ್ ಇರಬಹುದೆಂಬ ಅನುಮಾನ ಬಂದಾಗ ಇದು ನೆರವಿಗೆ ಬರುತ್ತದೆಯೇ? ಬರುತ್ತದೆ, ಆದರೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು.

50 ದಾಟಿದವರಿಗೆ, ಹೆಚ್ಚಾಗಿ 70ರ ಆಚೆ ಬರುವ ಕಾಯಿಲೆಯಿದು. ರಕ್ತನಾಳದ ಗೋಡೆ ಬಾತು ಕಣ್ಣಿಗೆ ರಕ್ತ ಹರಿಯುವುದು ನಿಂತರೆ, ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಹಿಂದೆಂದೂ ಇಲ್ಲದ ಕಣತಲೆ ನೋವು, ಬಾಚಣಿಗೆ ತಾಗಿದರೂ ನೋಯುವ ನೆತ್ತಿ, ಬೆಳಿಗ್ಗೆ ಎರಡೂ ಭುಜಗಳ ಬಿಗಿತ, ಸಣ್ಣ ಜ್ವರ, ತೂಕ ಇಳಿಯುವುದು ಇದರ ಸುಳಿವುಗಳು. ಎಲ್ಲಕ್ಕಿಂತ ಗಟ್ಟಿ ಸುಳಿವು ದವಡೆಯದು. ಖಡಕ್ ರೊಟ್ಟಿ ಅಗಿಯುತ್ತ ಹೋದಂತೆ ದವಡೆ ಸೋತು ನೋಯುತ್ತದೆ, ಅಗಿಯುವುದು ನಿಲ್ಲಿಸಿದರೆ ಇಳಿಯುತ್ತದೆ. ಇದನ್ನು ಹಲ್ಲುನೋವೆಂದು ತಳ್ಳಿಹಾಕಬೇಡಿ.

ಲ್ಯಾಬಿನ ಹಿರಿಯರ ಪ್ಯಾಕೇಜಿನಲ್ಲಿ ಇಎಸ್‌ಆರ್ (ಕೆಂಪು ರಕ್ತಕಣಗಳು ಕೊಳವೆಯಲ್ಲಿ ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂಬ ಅಳತೆ) ಇದೆ, ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನ್) ಇಲ್ಲ; ಮೈಯಲ್ಲಿ ಉರಿಯೂತವಿದ್ದರೆ ಎರಡೂ ಏರುತ್ತವೆ. ಇದು ದೊಡ್ಡ ಕೊರತೆ. ರಕ್ತ ಕಡಿಮೆಯಿದ್ದರೂ ಇಎಸ್‌ಆರ್ ಏರುತ್ತದೆ, ಸಿಆರ್‌ಪಿಗೆ ಆ ತೊಂದರೆ ಇಲ್ಲ. ಹಾಗಾಗಿ ಎರಡನ್ನೂ, ಜೊತೆಗೆ ಪ್ಲೇಟ್‌ಲೆಟ್ ಎಣಿಕೆಯನ್ನೂ ಬರೆಸಿ.

ರಕ್ತ ತೆಗೆಯುವ ಹುಡುಗರ ಕೈ ಚಲೋ ಇದೆ. ಇಎಸ್‌ಆರ್‌ನ ಕಪ್ಪು ಮುಚ್ಚಳದ ಕೊಳವೆಯನ್ನು ಗೆರೆಯವರೆಗೆ ತುಂಬಿ, ಮೆಲ್ಲಗೆ ತಿರುವಿ ಬೆರೆಸುತ್ತಾರೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಒಂದು ಪಾಲಾದರೆ ರಕ್ತ ನಾಲ್ಕು ಪಾಲು ಇರಬೇಕು, ಕಡಿಮೆ ತುಂಬಿದರೆ ಲೆಕ್ಕ ತಪ್ಪುತ್ತದೆ. ಧಾರವಾಡದ ಸ್ಯಾಂಪಲ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹೊರಗಿನ ತಾಪಮಾನದಲ್ಲಿ 4 ಗಂಟೆ ಮೀರಿದ ರಕ್ತದಲ್ಲಿ ಇಎಸ್‌ಆರ್ ಸುಳ್ಳೇ ಕಡಿಮೆ ಬರಬಹುದು. ಎಲ್ಲ ಮನೆ ಸುತ್ತಿ ಮುಗಿದ ಮೇಲೆ ಹುಬ್ಬಳ್ಳಿಗೆ ಒಯ್ಯುವುದಾದರೆ, ಕೊನೆಯ ಸರದಿ ಕೇಳಿ ಪಡೆಯಿರಿ.

ರಿಪೋರ್ಟಿನಲ್ಲಿ ಇಎಸ್‌ಆರ್‌ನ ನಾರ್ಮಲ್ ಮಿತಿ ಎಲ್ಲ ವಯಸ್ಸಿಗೂ 0–20 ಎಂದೇ ಅಚ್ಚಾಗಿರುತ್ತದೆ. ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ 10 ಕೂಡಿಸಿ ಅರ್ಧ ಎಂಬುದು ಅಂದಾಜು ಮಿತಿ. 70ರ ಅಜ್ಜಿಗೆ 38 ಬಂದರೆ ಗಾಬರಿ ಬೇಡ. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ 50 ದಾಟಿರುತ್ತದೆ. ಆದರೂ ಲಕ್ಷಣಗಳು ಹೊಂದುತ್ತಿದ್ದರೆ, ನಾರ್ಮಲ್ ಅಂಕಿ ಕಂಡು ನಿಶ್ಚಿಂತರಾಗುವಂತಿಲ್ಲ.

ರಿಪೋರ್ಟು ಸಂಜೆಗೇ ವಾಟ್ಸ್ಆ್ಯಪ್‌ಗೆ ಬರುವುದು ಈ ಸೇವೆಯ ನಿಜವಾದ ಬಲ. ಬಂದ ದಿನವೇ ವೈದ್ಯರಿಗೆ ತೋರಿಸಿ. ಅನುಮಾನ ಬಲವಾಗಿದ್ದರೆ ಅವರು ಬಯಾಪ್ಸಿಗೂ (ರಕ್ತನಾಳದ ಚೂರು ತೆಗೆದು ಮಾಡುವ ಪರೀಕ್ಷೆ) ಕಾಯದೆ ದಿನಕ್ಕೆ 40–60 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುಮಾಡುತ್ತಾರೆ. ಆ ಮಾತ್ರೆಯನ್ನು ನೀವಾಗಿಯೇ ಶುರುಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಒಂದು ಕಣ್ಣಿಗೆ ಪರದೆ ಬಿದ್ದಂತಾಗಿ ತಿಳಿಯಾದರೂ, ಒಂದು ಎರಡಾಗಿ ಕಂಡರೂ ಈ ಲ್ಯಾಬಿಗೆ ಫೋನ್ ಹಚ್ಚುತ್ತ ಕೂಡಬೇಡಿ. ಕಣ್ಣಿನ ವೈದ್ಯರಿರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅಂದೇ ಹೋಗಿ, ರಕ್ತ ಅಲ್ಲೇ ತೆಗೆಯುತ್ತಾರೆ.