ಅಡಿಕೆ ಲೆಕ್ಕಕ್ಕೆ ಪಾಂಡಾಸ್, ಆರ್, ಜೂಲಿಯಾ, ಪೋಲಾರ್ಸ್, ಡಕ್‌ಡಿಬಿ: ಬಳಸಿ ನೋಡಿದ ಮೇಲೆ

ಪಾಂಡಾಸ್ ಅಂದರೆ ಪಟ್ಟಿಗಳ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ; ಆರ್, ಜೂಲಿಯಾ ಪ್ರೋಗ್ರಾಮಿಂಗ್ ಭಾಷೆಗಳು; ಪೋಲಾರ್ಸ್, ಡಕ್‌ಡಿಬಿ ಇದೇ ಕೆಲಸದ ಬೇರೆ ಟೂಲ್‌ಗಳು. "ಪಾಂಡಾಸ್‌ಗಿಂತ ಎಷ್ಟೋ ಪಟ್ಟು ವೇಗ" ಅಂತ ಈಗ ಎಲ್ಲರೂ ಹೇಳಿಕೊಳ್ಳುತ್ತಾರೆ. ಸುಳ್ಳಲ್ಲ. ಆದರೆ ಯಾವ ಕೆಲಸದಲ್ಲಿ ಅಳೆದ ವೇಗ ಅದು? ಜೂಲಿಯಾದ ಸೈಟಿನಲ್ಲಿರುವ ಹೋಲಿಕೆ ಫಿಬೊನಾಚಿ, ಕ್ವಿಕ್‌ಸಾರ್ಟ್ ಥರದ ಚಿಕ್ಕ ಲೆಕ್ಕಗಳದ್ದು. ಕಾಸರಗೋಡಿನ ನಮ್ಮ ಬದಿಯಡ್ಕ ಕಡೆಯ ಅಡಿಕೆ ಖರೀದಿ ಪಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಾನು ಎಲ್ಲವನ್ನೂ ಒಂದೇ ಬಗೆಯ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ) ಫೈಲಿನ ಮೇಲೆ ಓಡಿಸಿದೆ. ತಾರೀಕು, ಸದಸ್ಯ ನಂಬರು, ಹೆಸರು, ಬಗೆ (ಹೊಸತು, ಹಳತು, ಪಟೋರ, ಕರಿಗೋಟು), ತೂಕ, ರೇಟು. ಹೆಸರುಗಳು ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ.

ಪಾಂಡಾಸ್ ಕಲಿಯುವುದು ಸುಲಭ, ಎಲ್ಲಿ ಸಿಕ್ಕಿಬಿದ್ದರೂ ಉತ್ತರ ಸಿಗುತ್ತದೆ. ಆದರೆ ಏನೂ ಹೇಳದೆ ಸುಮ್ನೆ ಓದಿಸಿದರೆ 0412 ಎಂಬ ಸದಸ್ಯ ನಂಬರು 412 ಆಗುತ್ತದೆ, ಆ ಕಾಲಂನಲ್ಲಿ ಒಂದು ಮನೆ ಖಾಲಿ ಇದ್ದರೆ 412.0 ಆಗುತ್ತದೆ. ಕ್ರಮ ಹೇಳದೆ ತಾರೀಕಾಗಿ ಬದಲಿಸಲು ಹೇಳಿದರೆ 05-06-2023 ನಮಗೆ ಜೂನ್ 5, ಅದಕ್ಕೆ ಮೇ 6. 2023ರಲ್ಲಿ ಪಾಂಡಾಸ್ 2.0 ಬರುವ ಮೊದಲು ಅದೇ ಕಾಲಂನಲ್ಲಿ 13-06 ಬಂದರೆ ಅದನ್ನು ಮಾತ್ರ ಜೂನ್‌ಗೆ ಹಾಕಿ ಮುಂದೆ ಹೋಗುತ್ತಿತ್ತು! ಈಗ ಎರರ್ ಕೊಟ್ಟು ನಿಲ್ಲುತ್ತದೆ. ವೇಗ ಹೆಚ್ಚಿಸಿದ್ದಕ್ಕಿಂತ ಇದು ನನಗೆ ದೊಡ್ಡ ಉಪಕಾರ. ಮೆಮೊರಿ ಮಾತ್ರ ಜಾಸ್ತಿ ತಿನ್ನುತ್ತದೆ. ಡೇಟಾದ 5ರಿಂದ 10 ಪಟ್ಟು ರ‍್ಯಾಮ್ ಬೇಕು ಅಂತ ಅದನ್ನು ಶುರು ಮಾಡಿದ ವೆಸ್ ಮೆಕಿನ್ನಿಯೇ 2017ರಲ್ಲಿ ಬರೆದಿದ್ದರು.

ಆರ್ ಚಿತ್ರ ಬರೆಯಲು ಚೆನ್ನ. ಜೂಲಿಯಾ ಒಮ್ಮೆ ಬಿಸಿಯಾದ ಮೇಲೆ ನಿಜಕ್ಕೂ ಓಡುತ್ತದೆ, ಆದರೆ ದಿನಕ್ಕೊಮ್ಮೆ ತೆರೆದು ಮುಚ್ಚುವ ಚಿಕ್ಕ ಲೆಕ್ಕಕ್ಕೆ ಮೊದಲ ಸಲದ ಕಂಪೈಲ್ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ) ಕಾಯುವಿಕೆಯೇ ಎದ್ದು ಕಾಣುತ್ತದೆ.

ಪೋಲಾರ್ಸ್ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಅದರ ವೇಗದ ಮಾತು ನನ್ನ ಫೈಲಿನಲ್ಲೂ ನಿಜವಾಯಿತು. ನಾವು ಕೇಳದಿದ್ದರೆ ತಾರೀಕನ್ನು ಊಹಿಸುವುದಿಲ್ಲ, ಅಕ್ಷರವಾಗಿಯೇ ಇಡುತ್ತದೆ. ನನಗೆ ಬೇಕಾದದ್ದು ಇದೇ. ಆದರೂ ನಾನು ಉಳಿಸಿಕೊಂಡದ್ದು ಡಕ್‌ಡಿಬಿ. ಸರ್ವರ್ ಬೇಡ, ಫೈಲಿನ ಹೆಸರು ಕೊಟ್ಟು ನೇರ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಬರೆದರೆ ಸಾಕು, ಮೆಮೊರಿ ಸಾಲದಿದ್ದರೆ ಡಿಸ್ಕ್ ಬಳಸಿಕೊಳ್ಳುತ್ತದೆ, ಮತ್ತು ನಾನು ಬರೆದದ್ದನ್ನು ಬಿಸಿಎ ಓದಿದ ಯಾರು ಬೇಕಾದರೂ ನಾಳೆ ಓದಿ ತಿದ್ದಬಹುದು, ಅಲ್ವಾ?

ಡೇಟಾ ಟೂಲ್‌ಗಳನ್ನು ಹೋಲಿಸುವಾಗ ಜನ ತೋರಿಸುವ ಪರೀಕ್ಷೆ ಎಚ್2ಓ ಎಂಬ ಕಂಪನಿ ಶುರು ಮಾಡಿದ್ದು. 0.5, 5, 50 ಜಿಬಿಯ ಟೇಬಲ್‌ಗಳಲ್ಲಿ ಗುಂಪು ಮಾಡುವುದು, ಜೋಡಿಸುವುದು. 2023ರಿಂದ ಅದನ್ನು ನಡೆಸುತ್ತಿರುವುದು ಡಕ್‌ಡಿಬಿ ಲ್ಯಾಬ್ಸ್, ಅಂದರೆ ಓಟದಲ್ಲಿರುವವರೇ. ಕೋಡ್ ಬಯಲಿನಲ್ಲಿದೆ, ಯಾರು ಬೇಕಾದರೂ ಓಡಿಸಿ ನೋಡಬಹುದು, ಹಾಗಾಗಿ ನನಗೆ ಅದರ ಮೇಲೆ ಅನುಮಾನವಿಲ್ಲ. ಆದರೆ ಅದರ ಡೇಟಾ ಪ್ರೋಗ್ರಾಂ ಹುಟ್ಟಿಸಿದ್ದು. ನಮ್ಮ ಹೆಸರುಗಳ ತೊಡಕು ಅಲ್ಲಿ ಬರುವುದೇ ಇಲ್ಲ.

ಆ ತೊಡಕು ಇದು. ಮಲಯಾಳದ ಚಿಲ್ಲು ಅಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಗಳಿಗೆ) ಸ್ವಂತ ಕೋಡ್ ಸಿಕ್ಕಿದ್ದು 2008ರ ಯೂನಿಕೋಡ್ 5.1ರಲ್ಲಿ; ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಕೋಡ್ ಕೊಡುವ ಮಾನಕ. ಅದಕ್ಕೂ ಮೊದಲಿನ ರೀತಿ ಬೇರೆ: ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಗುರುತು), ಕೊನೆಗೆ ಝಡ್‌ಡಬ್ಲ್ಯೂಜೆ ಎಂಬ ಕಾಣದ ಗುರುತು. ಎರಡೂ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಹೆಸರಿನ ಮೇಲೆ ಗುಂಪು ಮಾಡಿದರೆ ಒಬ್ಬನೇ ಕೃಷಿಕ ಇಬ್ಬರಾಗುತ್ತಾನೆ, ತೂಕ ಎರಡು ಕಡೆ ಹಂಚಿಹೋಗುತ್ತದೆ. ಕನ್ನಡದ ಒಕಾರ ಎರಡು ತುಂಡಾಗಿ ಬಂದರೆ ಎನ್‌ಎಫ್‌ಸಿ ಎಂಬ ಯೂನಿಕೋಡ್ ಏಕರೂಪ ಕ್ರಮ ಅದನ್ನು ಒಂದು ಮಾಡುತ್ತದೆ, ಡಕ್‌ಡಿಬಿಯಲ್ಲೂ ಪೈಥಾನ್‌ನಲ್ಲೂ ಅದಕ್ಕೆ ಫಂಕ್ಷನ್ ಇದೆ. ಚಿಲ್ಲನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಒಂದೊಂದು ಚಿಲ್ಲಿಗೂ ಒಂದು ರಿಪ್ಲೇಸ್ ನಾವೇ ಬರೆಯಬೇಕು. ಇಲ್ಲಿ ಯಾವ ಟೂಲೂ ಇನ್ನೊಂದಕ್ಕಿಂತ ಮುಂದಿಲ್ಲ.

ಈಗ ನಾನು ಹೆಸರುಗಳನ್ನು ಪೈಥಾನ್‌ನಲ್ಲಿ ತೊಳೆದು, ನಂಬರು ತಾರೀಕು ಎಲ್ಲವನ್ನೂ ಅಕ್ಷರವಾಗಿಯೇ ಡಕ್‌ಡಿಬಿಗೆ ಕೊಟ್ಟು, ಅಲ್ಲಿ ದಿನ-ತಿಂಗಳು-ವರ್ಷ ಅಂತ ಬಿಡಿಸಿ ಹೇಳಿ ಮೊತ್ತ ತೆಗೆಯುತ್ತೇನೆ.